ಗ್ಯಾಂಬಿಟ್ ಪುಸ್ತಕಗಳನ್ನು ಎಷ್ಟು ನಂಬಬೇಕು?

ಮಂಡ್ಯ, ಮದ್ದೂರು, ಮಳವಳ್ಳಿಗಳ ವಿದ್ಯಾರ್ಥಿಮಿತ್ರರಲ್ಲಿ ಚದುರಂಗದ ಹುಚ್ಚು ಹಿಡಿದವರು ಕಡಮೆಯಿಲ್ಲ. ಅವರಲ್ಲೊಬ್ಬರು ಈಚೆಗೆ ನಮ್ಮ ಮುಂದೆ ದಪ್ಪನೆಯ ಪುಸ್ತಕವೊಂದನ್ನಿರಿಸಿ, “ಇದರಲ್ಲಿ ಹೇಳಿದಂತೆ ಕಿಂಗ್ಸ್ ಗ್ಯಾಂಬಿಟ್ ಆಡಿದರೆ ಗೆಲುವು ಖಂಡಿತವಂತೆ, ತಾವೇನೆನ್ನುವಿರಿ?” ಎಂದು ಕೇಳಿದರು. ವಡೆಯ ಕಾಸನ್ನು ಉಳಿಸಿ ಕೊಂಡ ಪುಸ್ತಕವದು. ಹಗುರವಾಗಿ ಉತ್ತರ ಕೊಡುವಂತಿರಲಿಲ್ಲ.

ಆಟದ ಆರಂಭದಲ್ಲಿಯೇ ಒಂದು ಕಾಯಿಯನ್ನು ಬೇಕೆಂದೇ ಎದುರಾಳಿಗೆ ಒಡ್ಡಿ, ಪ್ರತಿಯಾಗಿ ತನ್ನ ಪಡೆಯನ್ನು ಬೇಗ ಹೊರತರುವ ಉಪಾಯಕ್ಕೆ ಗ್ಯಾಂಬಿಟ್ ಎಂದು ಹೆಸರು. ಉಭಯರೂ ರಾಜನ ಮುಂದಿನ ಕಾಲಾಳನ್ನು ಎರಡು ಮನೆ ನಡೆಸಿದ ಮೇಲೆ, ಬಿಳಿಯ ಕಾಯಿಯವನು ರಾಜನ ಪಕ್ಕದ ಒಂಟೆಯ ಮುಂದಿರುವ ಕಾಲಾಳನ್ನೂ ಎರಡು ಮನೆ ಮುಂದಿಟ್ಟರೆ ಅದೇ ಕಿಂಗ್ಸ್ ಗ್ಯಾಂಬಿಟ್. (ನಮ್ಮ ಜಗಲಿಗಳ ಹಳೆಯ ಆಟದಲ್ಲಿ ಕಾಲಾಳಿಗೆ ಒಂದೇ ಮನೆಯ ನಡೆ, ಅಲ್ಲಿ ಈ ಪುಸ್ತಕವೆಲ್ಲ ನಿರುಪಯೋಗಿ!)

1960ರಲ್ಲಿ ಅರ್ಜೆಂಟೀನಾದ ಮಾರ್ ಡೆಲ್ ಪ್ಲಾಟಾದಲ್ಲಿ ಬೋರಿಸ್ ಸ್ಪಾಸ್ಕಿ ಇದೇ ಗ್ಯಾಂಬಿಟ್ಟನ್ನಾಡಿ ಬಾಬಿ ಫಿಷರನನ್ನು ಸೋಲಿಸಿದನು. ಸೋತ ಫಿಷರನು 1961ರಲ್ಲಿ ಲೇಖನವೊಂದನ್ನು ಬರೆದು, ಕರಿಯ ಕಾಯಿಯವನು ಮೂರನೆಯ ನಡೆಯಲ್ಲಿ ಮಂತ್ರಿಯ ಮುಂದಿನ ಕಾಲಾಳನ್ನು ಒಂದು ಮನೆ ನಡೆಸಿದರೆ ಬಿಳಿಯವನಿಗೆ ಸೋಲು ತಪ್ಪದೆಂದು ಸಾರಿದನು. ಆದರೆ 1963ರಲ್ಲಿ ಅಮೆರಿಕದ ರಾಷ್ಟ್ರೀಯ ಸ್ಪರ್ಧೆಯಲ್ಲಿ ಲ್ಯಾರಿ ಇವಾನ್ಸನ ಮೇಲೆ ಇದೇ ಗ್ಯಾಂಬಿಟ್ಟನ್ನಾಡಿ ಗೆದ್ದವನೂ ಅವನೇ! ಮೂರನೆಯ ನಡೆಯಲ್ಲಿ ಕುದುರೆಗೆ ಬದಲಾಗಿ ಒಂಟೆಯನ್ನು ಹೊರತಂದು, ತಾನು ಮುಖ್ಯವಾಗಿ ಪರೀಕ್ಷಿಸಿದ್ದ ದಾರಿಯನ್ನು ಬಿಟ್ಟು ನಡೆದನು. ಒಂದು ಕೊಂಬೆಯನ್ನು ಕಡಿದವನು ಮರವನ್ನೇ ಉರುಳಿಸಿದೆನೆಂದಂತಾಗಿತ್ತು ಆ ಲೇಖನ. ಇಂದಿನ ಗಣಕಯಂತ್ರಗಳೂ ಕರಿಯ ಕಡೆಗೆ ತುಸು ಮೇಲುಗೈ ಎನ್ನುತ್ತವೆಯೇ ಹೊರತು, ಬಿಳಿಯವನು ಸೋತೇಹೋದನೆನ್ನುವುದಿಲ್ಲ.

ಗಣಕಯಂತ್ರದ ಹೆಸರು ಕೇಳಿದೊಡನೆ ತಲೆಬಾಗುವುದೂ ಸಲ್ಲದು. 2012ರ ಏಪ್ರಿಲಿನಲ್ಲಿ, ಯಂತ್ರಗಳ ಸಮೂಹವೊಂದು ಕಿಂಗ್ಸ್ ಗ್ಯಾಂಬಿಟ್ಟನ್ನು ಪೂರ್ಣವಾಗಿ ಬಿಡಿಸಿತೆಂಬ ಸುದ್ದಿ ಹೊರಟಿತು. ಬಲ್ಲವರೂ ನಂಬಿದರು. ಅದು ಏಪ್ರಿಲ್ ಮೂರ್ಖರ ದಿನದ ಪರಿಹಾಸವೆಂದು ಬಳಿಕ ತಿಳಿಯಿತು. ಮಣೆಯ ಮೇಲೆ ಏಳೇ ಕಾಯಿಗಳುಳಿದ ಸ್ಥಿತಿಗಳ ಲೆಕ್ಕ ಮುಗಿದದ್ದೇ ಆ ವರ್ಷ. ಗ್ಯಾಂಬಿಟ್ಟಿನ ವೇಳೆ ಮಣೆಯ ಮೇಲಿರುವುವು 32. ಈ ಒಂದು ಅಂಕೆಯನ್ನು ನೆನೆದಿದ್ದರೆ ಸಂದೇಹ ಹುಟ್ಟುತ್ತಿತ್ತು.

ಹಾಗಾದರೆ ಪುಸ್ತಕವನ್ನು ಅಳೆಯುವ ಬಗೆ ಯಾವುದು? ಮಂಡ್ಯದ ವಿ. ಸಿ. ಫಾರಂ ನಮಗೆ ದೂರವಿಲ್ಲ. ಭತ್ತದ ಹೊಸ ತಳಿಯನ್ನು ಪರೀಕ್ಷಿಸುವವರು ಪಕ್ಕದ ತಾಕಿನಲ್ಲಿಯೇ ಹಳೆಯ ತಳಿಯನ್ನೂ ಬೆಳೆಯುತ್ತಾರೆ. ಸೊರಗಿದ ತಾಕಿನ ಇಳುವರಿಯನ್ನು ಲೆಕ್ಕದಿಂದ ಬಿಡುವುದಿಲ್ಲ. ಗ್ಯಾಂಬಿಟ್ ಪುಸ್ತಕದ ಲೇಖಕನೋ, ಗೆದ್ದ ಆಟಗಳನ್ನೇ ಆರಿಸಿ ಪೋಣಿಸುತ್ತಾನೆ. ಎದುರಾಳಿಯಿಂದ ಪೆದ್ದು ನಡೆಗಳನ್ನಾಡಿಸಿ ಬೀಗುತ್ತಾನೆ. ಎದುರಾಳಿಯ ಅತ್ಯುತ್ತಮ ಉತ್ತರವನ್ನು ಎಷ್ಟು ಪುಟಗಳಲ್ಲಿ ಚರ್ಚಿಸಿದ್ದಾನೆಂಬುದನ್ನು ಮೊದಲು ನೋಡಬೇಕೆಂಬುದು ನಮ್ಮ ಅಭಿಪ್ರಾಯ.

ಆ ಮಿತ್ರರೊಡನೆ ಕುಳಿತು, ಅವರ ಪುಸ್ತಕದಲ್ಲಿ ಕರಿಯವನು ಗೆದ್ದ ಆಟಗಳನ್ನು ಎಣಿಸಹೊರಟೆವು. ಒಂದೂ ಸಿಕ್ಕಲಿಲ್ಲ. ಅವರು ಕ್ಷಣಕಾಲ ಸುಮ್ಮನಿದ್ದು, ಮಣೆಯನ್ನು ತಿರುಗಿಸಿ ಕರಿಯ ಕಾಯಿಗಳ ಕಡೆಗೆ ಕುಳಿತುಕೊಂಡರು.