ಅನ್‌ಲಿಮಿಟೆಡ್ ಅಂದರೆ ಎಷ್ಟು ಸ್ವಾಮಿ?

ಯಾವ ನಿಘಂಟು ತೆಗೆದು ನೋಡಿದರೂ ಅನ್‌ಲಿಮಿಟೆಡ್ ಅನ್ನೋ ಪದಕ್ಕೆ ಒಂದೇ ಅರ್ಥ. ಮಿತಿ ಇಲ್ಲದ್ದು, ಅಷ್ಟೇ. ಆ ಪದಕ್ಕೆ "ದಿನಕ್ಕೆ ಒಂದೂವರೆ ಜಿಬಿ" ಅಂತ ಹೊಸ ಅರ್ಥ ಹುಡುಕಿಕೊಟ್ಟ ಕೀರ್ತಿ ನಮ್ಮ ದೇಶದ ಮೊಬೈಲ್ ಕಂಪನಿಗಳದ್ದು. ನಿಘಂಟು ಬರೆಯೋರು ದಯವಿಟ್ಟು ಗಮನಿಸಬೇಕು :-)

ಇದು ಎಲ್ಲರಿಗೂ ಗೊತ್ತಿರೋ ವಿಷಯ, ಇದರ ಬಗ್ಗೆ ಬರೆಯೋದೇನಿದೆ ಅಂತ ನೀವು ಕೇಳಬಹುದು. ಗೆಳೆಯರೇ, ನಿಮಗೂ ನನಗೂ ಗೊತ್ತು, ಸರಿ. ಎಲ್ಲರಿಗೂ ಗೊತ್ತು ಅನ್ನೋದನ್ನ ನಾನು ಒಪ್ಪಲ್ಲ.

ನಮ್ಮೂರು ಕಳವಾರ. ಹೆಸರು ಹೇಳಿದರೆ ಬೆಂಗಳೂರಿನವರಿಗೆ ಗೊತ್ತಾಗಲ್ಲ, ಸ್ಕಂದಗಿರಿ ಅಂದರೆ ತಕ್ಷಣ ಗೊತ್ತಾಗುತ್ತೆ. ಆ ಬೆಟ್ಟದ ಬುಡದಲ್ಲಿರೋ ಹಳ್ಳಿ ನಮ್ಮದು, ಚಿಕ್ಕಬಳ್ಳಾಪುರಕ್ಕೆ ಕೂಗಳತೆ ದೂರ. ನಾವು ಅದನ್ನ ಕಳವಾರದ ಬೆಟ್ಟ ಅಂತಲೇ ಕರೆಯೋದು. ಬೆಂಗಳೂರಲ್ಲಿರೋ ನನ್ನ ಸ್ನೇಹಿತರ ಮನೆಗಳಲ್ಲಿ ಫೈಬರ್ ಇದೆ, ಆಫೀಸಿನಲ್ಲಿ ವೈಫೈ ಇದೆ, ಮೊಬೈಲ್ ಡಾಟಾ ಅವರಿಗೆ ದಾರಿಯಲ್ಲಿ ಹಾಡು ಕೇಳೋಕೆ ಅಷ್ಟೇ. ನಮ್ಮ ಕಡೆ ಎಷ್ಟೋ ಮನೆಗಳಲ್ಲಿ ಆ ಮೊಬೈಲೇ ಇಂಟರ್ನೆಟ್ಟು. ಮಗಳ ಪಾಠ, ಅಪ್ಪನ ಬೆಳೆ ಸಮೀಕ್ಷೆ ಆ್ಯಪ್, ಅಮ್ಮನ ಸಂಘದ ಲೆಕ್ಕ, ಅಂಗಡಿಗೆ ಯುಪಿಐ, ರಾತ್ರಿ ಒಂದು ಧಾರಾವಾಹಿ, ಎಲ್ಲವೂ ಒಂದೇ ಫೋನು, ಒಂದೇ ಸಿಮ್ಮು. ಆ ಮನೆಯಲ್ಲಿ ಒಂದೂವರೆ ಜಿಬಿ ಸಾಯಂಕಾಲ ಏಳಕ್ಕೆ ಖಾಲಿ. ಆಮೇಲೆ ಶುರುವಾಗೋದೇ "ಅನ್‌ಲಿಮಿಟೆಡ್".

ಅದು ಹೇಗಿರುತ್ತೆ ಅಂತ ಸ್ವಲ್ಪ ಲೆಕ್ಕ ಹಾಕೋಣ, ಬೇಜಾರು ಮಾಡ್ಕೋಬೇಡಿ.

ಜಿಯೋ ಇರಲಿ ಏರ್‌ಟೆಲ್ ಇರಲಿ, ದಿನದ ಕೋಟಾ ಮುಗಿದ ಮೇಲೆ ಸಿಗೋ ವೇಗ 64 ಕೆಬಿಪಿಎಸ್. ಅದೂ "64 ರವರೆಗೆ", ಅಂದರೆ ಅದಕ್ಕಿಂತ ಕಮ್ಮಿ ಬಂದರೂ ಕೇಳೋ ಹಾಗಿಲ್ಲ. ಇಲ್ಲಿ ಬಿ ಅಂದರೆ ಬಿಟ್, ಬೈಟ್ ಅಲ್ಲ. ಎಂಟರಿಂದ ಭಾಗಿಸಿದರೆ ಸೆಕೆಂಡಿಗೆ 8 ಕಿಲೋಬೈಟ್. ಫೋನಿನಲ್ಲಿ ತೆಗೆದ 3 ಎಂಬಿ ಫೋಟೋ ಒಂದನ್ನ ಕಳಿಸೋಕೆ ಆರು ನಿಮಿಷದ ಮೇಲೆ ಬೇಕು. ಇಪ್ಪತ್ತನಾಲ್ಕು ಗಂಟೆ ಒಂದು ಕ್ಷಣವೂ ನಿಲ್ಲಿಸದೆ, ನಿದ್ದೆಗೆಟ್ಟು ಡೌನ್‌ಲೋಡ್ ಮಾಡಿದರೂ ಸಿಗೋದು ಹೆಚ್ಚೆಂದರೆ 690 ಎಂಬಿ ಚಿಲ್ಲರೆ. ಅಂದರೆ ಅನ್‌ಲಿಮಿಟೆಡ್‌ಗೂ ಒಂದು ಲಿಮಿಟ್ ಇದೆ ಅಂತಾಯ್ತು, ಅದು ಒಂದು ಜಿಬಿಯನ್ನೂ ಮುಟ್ಟಲ್ಲ! ಕೋಟಾದ ಒಂದೂವರೆ ಜಿಬಿಯನ್ನೇ ಈ ವೇಗದಲ್ಲಿ ಇಳಿಸಿಕೊಳ್ಳೋಕೆ ಹೊರಟರೆ 52 ಗಂಟೆ ಬೇಕು.

ಇದನ್ನ ನಮ್ಮ ದರ್ಶಿನಿ ಹೋಟೆಲ್ ಭಾಷೆಗೆ ಇಳಿಸಿದರೆ ಹೀಗಿರುತ್ತೆ. ಹೊರಗೆ ದೊಡ್ಡ ಬೋರ್ಡು, "ಅನ್‌ಲಿಮಿಟೆಡ್ ಊಟ". ದುಡ್ಡು ಕೊಟ್ಟು ಕೂತ್ರಿ. ಮೊದಲ ಸಲ ಎಲೆ ತುಂಬಾ ಬಡಿಸಿದ. ಎರಡನೇ ಸಲ ಅನ್ನ ಕೇಳಿದಾಗ ಒಂದು ಅಗುಳು ತಂದಿಟ್ಟ. ಒಂದು ನಿಮಿಷ ಬಿಟ್ಟು ಇನ್ನೊಂದು ಅಗುಳು. ಏನಪ್ಪಾ ಇದು ಅಂದರೆ, "ಬಡಿಸೋದು ನಿಲ್ಲಿಸಿಲ್ವಲ್ಲಾ ಸಾರ್, ಸಂಜೆ ತನಕ ಕೂತ್ಕೊಳ್ಳಿ, ಬಡಿಸ್ತಾನೇ ಇರ್ತೀವಿ" ಅಂತಾನೆ. ಆ ಹೋಟೆಲ್ ಚಿಕ್ಕಬಳ್ಳಾಪುರ ಬಸ್‌ಸ್ಟ್ಯಾಂಡಿನಲ್ಲಿ ಎಷ್ಟು ದಿನ ನಡೀಬಹುದು ಹೇಳಿ? ಆದರೆ ಇದೇ ಮಾದರಿಯ ವ್ಯಾಪಾರ ದೇಶದ ತುಂಬಾ ಆರಾಮಾಗಿ ನಡೀತಾ ಇದೆ.

ಬ್ಲಾಗ್ ಲೋಕದ ಹಳಬರಿಗೆ ನೆನಪಿರಬೇಕು. 2005ರಲ್ಲಿ ಬಿಎಸ್ಸೆನ್ನೆಲ್ ಡಾಟಾಒನ್ ಬಂತು. ಅದರಲ್ಲಿ 500 ರೂಪಾಯಿಯ ಪ್ಲಾನ್ ತಗೊಂಡವರು ರಾತ್ರಿ ಎರಡು ಗಂಟೆಯಿಂದ ಬೆಳಗ್ಗೆ ಎಂಟರವರೆಗೆ ಎಷ್ಟು ಬೇಕಾದರೂ ಇಳಿಸಿಕೊಳ್ಳಬಹುದಿತ್ತು. ಎರಡು ಗಂಟೆಗೆ ಅಲಾರಂ ಇಟ್ಟು ಎದ್ದು ಡೌನ್‌ಲೋಡ್ ಹಾಕಿ ಮಲಗಿದವರು ನಮ್ಮಲ್ಲೇ ಎಷ್ಟೋ ಜನ ಇದ್ದೀರಿ. ಕಷ್ಟ ಇತ್ತು, ಮೋಸ ಇರಲಿಲ್ಲ. ಇಂತಿಷ್ಟು ಡಾಟಾ, ಇಂತಿಷ್ಟು ಗಂಟೆ, ಮೀರಿದರೆ ಇಂತಿಷ್ಟು ದುಡ್ಡು ಅಂತ ಮುಖಕ್ಕೆ ಹೇಳಿಬಿಡೋರು. ಮಿತಿ ಎಲ್ಲಿದೆ ಅಂತ ಗೊತ್ತಿದ್ದರೆ ಮನುಷ್ಯ ಅದರೊಳಗೆ ಬದುಕೋದನ್ನ ಕಲೀತಾನೆ.

ಈಗಿನ ತಮಾಷೆ ನೋಡಿ. 2016ರ ಸೆಪ್ಟೆಂಬರ್ 5ಕ್ಕೆ ಜಿಯೋ ಬಂತು, ಅನ್‌ಲಿಮಿಟೆಡ್ ಅಂತಲೇ ಬಂತು. ಆಗ ದಿನಕ್ಕೆ 4 ಜಿಬಿ ಪುಕ್ಕಟೆ, ಆಮೇಲೆ 128 ಕೆಬಿಪಿಎಸ್. ಹೊಸ ವರ್ಷ 2017 ಬರುವಾಗ ಆ 4 ಹೋಗಿ 1 ಆಯ್ತು. 128 ಇದ್ದದ್ದು ಮುಂದೆ 64 ಆಯ್ತು. 2019ರ ಅಕ್ಟೋಬರ್‌ನಲ್ಲಿ "ಉಚಿತ ಕರೆ" ಅಂದಿದ್ದವರೇ ಬೇರೆ ನೆಟ್‌ವರ್ಕಿಗೆ ಮಾಡಿದ ಕರೆಗೆ ನಿಮಿಷಕ್ಕೆ 6 ಪೈಸೆ ಹಾಕಿ, 2021ರ ಜನವರಿಗೆ ತೆಗೆದರು. 2024ರ ಜುಲೈನಲ್ಲಿ ಎಲ್ಲಾ ಖಾಸಗಿ ಕಂಪನಿಗಳೂ ಒಟ್ಟಿಗೆ ದರ ಏರಿಸಿದವು. ದಿನಕ್ಕೆ ಒಂದೂವರೆ ಜಿಬಿ ಕೊಡ್ತಿದ್ದ ಜಿಯೋದ 239ರ ಪ್ಲಾನ್ 299 ಆಯ್ತು. ಅದೇ ಏಟಿಗೆ ಅನ್‌ಲಿಮಿಟೆಡ್ 5ಜಿ ಬೇಕು ಅಂದರೆ ದಿನಕ್ಕೆ 2 ಜಿಬಿ ಅಥವಾ ಅದಕ್ಕಿಂತ ಮೇಲಿನ ಪ್ಲಾನ್ ಹಾಕಿಸಿಕೊಳ್ಳಿ ಅಂದರು. ಅನ್‌ಲಿಮಿಟೆಡ್ ಒಳಗೆ ಇನ್ನೊಂದು ಅನ್‌ಲಿಮಿಟೆಡ್! 2025ರ ಆಗಸ್ಟಿನಲ್ಲಿ ದಿನಕ್ಕೆ 1 ಜಿಬಿಯ 249ರ ಪ್ಲಾನನ್ನೇ ಜಿಯೋ ಏರ್‌ಟೆಲ್ ಎರಡೂ ತೆಗೆದುಹಾಕಿದವು. ಈ ಹತ್ತು ವರ್ಷದಲ್ಲಿ ಕೋಟಾ ಬದಲಾಯ್ತು, ವೇಗ ಬದಲಾಯ್ತು, ದರ ಬದಲಾಯ್ತು. ಬದಲಾಗದೆ ಉಳಿದದ್ದು ಆ ಒಂದು ಪದ ಮಾತ್ರ.

ಇನ್ನೂ ಒಂದಿದೆ. 2020ರಲ್ಲಿ ಜಿಯೋಫೈಬರ್‌ನವರು "ಟ್ರೂಲಿ ಅನ್‌ಲಿಮಿಟೆಡ್" ಅಂತ ಪ್ಲಾನ್ ಬಿಟ್ಟರು. ಹಾಗಾದರೆ ಅಲ್ಲಿಯವರೆಗೆ ಮಾರಿದ್ದು ಯಾವ ಥರದ್ದು ಅಂತ ಯಾರೂ ಕೇಳಲಿಲ್ಲ. ಆ "ನಿಜವಾದ" ಅನ್‌ಲಿಮಿಟೆಡ್‌ಗೂ ತಿಂಗಳಿಗೆ 3,300 ಜಿಬಿ ಮಿತಿ ಇತ್ತು. ಒಂದು ಮನೆಗೆ ಅಷ್ಟು ಧಾರಾಳ ಸಾಕು, ಅದರ ಬಗ್ಗೆ ತಕರಾರಿಲ್ಲ. 3,300 ಅಂತ ಬೋರ್ಡಿನ ಮೇಲೇ ಬರೆದಿದ್ದರೆ ಯಾರು ಬೇಡ ಅಂತಿದ್ದರು? ಅಷ್ಟು ಒಳ್ಳೇ ಸಂಖ್ಯೆಯನ್ನೂ ಬಚ್ಚಿಡೋ ಚಟ ಯಾಕೆ?

ಈಗ ಕಂಪನಿಗಳ ಪರವಾಗಿ ವಾದ ಮಾಡೋರ ಮಾತಿಗೆ ಬರ್ತೀನಿ, ಕಮೆಂಟಿನಲ್ಲಿ ಹೇಗೂ ಬರ್ತೀರಿ.

ಮೊದಲನೇ ವಾದ: ಟವರ್ ಎಲ್ಲರಿಗೂ ಸೇರಿದ್ದು, ತರಂಗಾಂತರ ಸೀಮಿತ, ಒಬ್ಬನೇ ಎಳೆದುಕೊಂಡರೆ ಮಿಕ್ಕವರಿಗೆ ಸಿಗಲ್ಲ, ಅದಕ್ಕೇ ಮಿತಿ. ಪೂರ್ತಿ ನಿಜ. ಇದನ್ನ ನಮ್ಮೂರಿನವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಶನಿವಾರ ಭಾನುವಾರ ಬೆಟ್ಟ ಹತ್ತೋಕೆ ಬೆಂಗಳೂರಿನ ಜನ ಬಂದರೆ ನಮ್ಮ ಫೋನುಗಳು ತೂಕಡಿಸೋಕೆ ಶುರು ಮಾಡ್ತವೆ. ನಮ್ಮದು ಒಂದೂ ಜೀವನದಿ ಇಲ್ಲದ ಜಿಲ್ಲೆ. ಇರೋದನ್ನ ಹಂಚಿಕೊಳ್ಳಬೇಕು, ಕೆರೆ ನೀರಿಗೆ ಸರದಿ ಬೇಕು ಅನ್ನೋದು ನಮ್ಮ ರಕ್ತದಲ್ಲೇ ಇದೆ. ಆದರೆ ನೀರುಗಂಟಿ ಯಾವತ್ತೂ "ಎಷ್ಟು ಬೇಕಾದರೂ ಬಿಡ್ತೀನಿ" ಅಂತ ಡಂಗುರ ಹೊಡೆಸಿ, ಆಮೇಲೆ ತೂಬು ಮುಚ್ಚಿ ಹನಿ ಹನಿ ಬಿಡ್ತಿರಲಿಲ್ಲ. ನಿನ್ನ ಗದ್ದೆಗೆ ಇಷ್ಟು ಹೊತ್ತು ಅಂತ ಮೊದಲೇ ಹೇಳೋನು. ಮಿತಿ ತಪ್ಪಲ್ಲ, ಮಿತಿಯನ್ನ ಮಿತಿ ಅಲ್ಲ ಅಂತ ಮಾರೋದು ತಪ್ಪು.

ಎರಡನೇ ವಾದ: ಜಗತ್ತಿನಲ್ಲೇ ಅಗ್ಗದ ಡಾಟಾ ನಮ್ಮಲ್ಲಿ, ಬಾಯಿ ಮುಚ್ಚಿಕೊಂಡು ಅನುಭವಿಸಿ. 2014ರಲ್ಲಿ ಒಂದು ಜಿಬಿಗೆ ಸುಮಾರು 269 ರೂಪಾಯಿ ಇದ್ದದ್ದು ಹತ್ತು ರೂಪಾಯಿಯ ಆಸುಪಾಸಿಗೆ ಇಳಿದದ್ದು ಹೌದು, ಅದಕ್ಕೆ ಸಲಾಂ. ಆದರೆ ಅಗ್ಗದ ಅಕ್ಕಿ ಮಾರೋನಿಗೆ ತೂಕದಲ್ಲಿ ಸುಳ್ಳು ಹೇಳೋ ಪರವಾನಗಿ ಯಾರು ಕೊಟ್ಟರು? ದರ ಬೇರೆ, ಮಾತು ಬೇರೆ.

ಮೂರನೇ ವಾದ: ಷರತ್ತುಗಳಲ್ಲಿ ಎಲ್ಲಾ ಬರೆದಿದೆ, ಓದಿಕೊಳ್ಳಬೇಕಿತ್ತು. ಓದೋಣ ಅಂತ ಒಂದು ಜಾಹೀರಾತು ಹಿಡಿದು ಕೂತೆ. ಕಂಪನಿ ಹೆಸರು ಬೇಡ ಬಿಡಿ. "ಅನ್‌ಲಿಮಿಟೆಡ್" ಅನ್ನೋದು ಕನ್ನಡದಲ್ಲಿ, ಅಂಗೈ ಅಗಲ ಅಕ್ಷರ. ಷರತ್ತು ಇಂಗ್ಲಿಷಿನಲ್ಲಿ, ಸಾಸಿವೆ ಕಾಳಿನ ಗಾತ್ರ. ಆಸೆ ತೋರಿಸೋಕೆ ಕನ್ನಡ ಬೇಕು, ಕೈ ತೊಳೆದುಕೊಳ್ಳೋಕೆ ಇಂಗ್ಲಿಷ್! ಗ್ರಾಹಕ ರಕ್ಷಣಾ ಪ್ರಾಧಿಕಾರ 2022ರ ಜೂನ್‌ನಲ್ಲಿ ಹೊರಡಿಸಿದ ದಾರಿ ತಪ್ಪಿಸುವ ಜಾಹೀರಾತುಗಳ ಮಾರ್ಗಸೂಚಿ ಇದನ್ನ ಸ್ಪಷ್ಟವಾಗಿ ಬೇಡ ಅನ್ನುತ್ತೆ. ಷರತ್ತು ಮುಖ್ಯ ಮಾತಿಗೆ ವಿರುದ್ಧ ಇರಬಾರದು, ಮುಖ್ಯ ಮಾತು ಯಾವ ಭಾಷೆಯಲ್ಲಿದೆಯೋ ಅದೇ ಭಾಷೆಯಲ್ಲಿರಬೇಕು, ಅದೇ ಅಕ್ಷರಶೈಲಿಯಲ್ಲಿರಬೇಕು. "ಅನ್‌ಲಿಮಿಟೆಡ್" ಅಂತ ಮೇಲೆ ಬರೆದು "ದಿನಕ್ಕೆ ಇಷ್ಟೇ" ಅಂತ ಕೆಳಗೆ ಬರೆದರೆ ಅದು ವಿವರಣೆಯಾ, ವಿರುದ್ಧವಾ? ನೀವೇ ಹೇಳಿ.

ಇದು ನಮ್ಮ ದೇಶದ ರೋಗ ಮಾತ್ರ ಅಲ್ಲ. ಅಮೆರಿಕದಲ್ಲಿ ಎಟಿ ಅಂಡ್ ಟಿ ಕಂಪನಿ ಅನ್‌ಲಿಮಿಟೆಡ್ ಅಂತ ಮಾರಿ ವೇಗ ಇಳಿಸ್ತಿದ್ದದ್ದಕ್ಕೆ ಅಲ್ಲಿನ ಫೆಡರಲ್ ಟ್ರೇಡ್ ಕಮಿಷನ್ 2014ರಲ್ಲಿ ಕೇಸು ಹಾಕಿತು. 35 ಲಕ್ಷಕ್ಕಿಂತ ಹೆಚ್ಚು ಗ್ರಾಹಕರ ವೇಗ ಕತ್ತರಿಸಿದ ಆರೋಪ. 2019ರಲ್ಲಿ ಕಂಪನಿ 6 ಕೋಟಿ ಡಾಲರ್ ಕೊಟ್ಟು ರಾಜಿ ಮಾಡಿಕೊಂಡಿತು. 2018ರಲ್ಲಿ ಕ್ಯಾಲಿಫೋರ್ನಿಯಾದ ಕಾಡು ಹತ್ತಿ ಉರೀತಿದ್ದಾಗ ಸಾಂತಾ ಕ್ಲಾರಾ ಕೌಂಟಿಯ ಅಗ್ನಿಶಾಮಕ ದಳದ ವಾಹನದ ಇಂಟರ್ನೆಟ್ ವೇಗವನ್ನ ವೆರಿಝಾನ್ ಇಳಿಸಿತ್ತು. ಅವರದ್ದೂ ಅನ್‌ಲಿಮಿಟೆಡ್ ಪ್ಲಾನೇ! ಹೆಚ್ಚಿನ ದುಡ್ಡಿನ ಪ್ಲಾನ್‌ಗೆ ಬನ್ನಿ ಅಂದಿದ್ದರು. ಆಮೇಲೆ ನಮ್ಮದು ತಪ್ಪಾಯ್ತು ಅಂದರು.

ನಮ್ಮಲ್ಲಿ ಬೆಂಕಿ ಬೀಳಲ್ಲ, ಹಾಗಾಗಿ ಸುದ್ದಿಯಾಗಲ್ಲ. ಆದರೆ ರೈತ ತನ್ನ ಬೆಳೆಯ ಫೋಟೋ ಅಪ್‌ಲೋಡ್ ಮಾಡೋದು ಮೊಬೈಲಿನಲ್ಲೇ, ಶಿಡ್ಲಘಟ್ಟದ ಗೂಡು ಮಾರುಕಟ್ಟೆಯಲ್ಲಿ ರೀಲರ್ ಇ-ಹರಾಜಿಗೆ ಬಿಡ್ ಹಾಕೋದು ಮೊಬೈಲಿನಲ್ಲೇ, ಅಂಗನವಾಡಿ ಕಾರ್ಯಕರ್ತೆ ಪೋಷಣ್ ಟ್ರ್ಯಾಕರ್ ತುಂಬೋದೂ ಮೊಬೈಲಿನಲ್ಲೇ. ಸರ್ಕಾರ ಎಲ್ಲವನ್ನೂ ಫೋನಿಗೆ ತಂದು ಇಟ್ಟಿದೆ. ಫೋನು ಸಂಜೆ ಏಳಕ್ಕೆ ಉಸಿರು ಬಿಡುತ್ತೆ. ಆಗ ಚಕ್ರ ತಿರುಗ್ತಾ ಇರುತ್ತೆ, ಕಂಪನಿ ನಿಲ್ಲಿಸಿದೆ ಅಂತಲೂ ಅನ್ನಿಸಲ್ಲ. ನಮ್ಮ ಪಕ್ಕದ ಮನೆ ಅಜ್ಜಿ ಇವತ್ತಿಗೂ ಫೋನ್ ಕೆಟ್ಟಿದೆ ಅಂತಲೇ ರಿಪೇರಿಗೆ ಕೊಡೋಕೆ ಹೊರಡ್ತಾರೆ. "ಅನ್‌ಲಿಮಿಟೆಡ್ ಹಾಕ್ಸಿದೀನಲ್ಲಪ್ಪಾ, ಖಾಲಿ ಹೆಂಗಾಗುತ್ತೆ?" ಅವರ ತರ್ಕದಲ್ಲಿ ಏನು ತಪ್ಪಿದೆ?

ನನಗೆ ನಿಜವಾಗಿ ಸಿಟ್ಟು ಬರೋದು ಟ್ರಾಯ್ ಮೇಲೆ. 2016ರ ಅಕ್ಟೋಬರ್‌ನಲ್ಲಿ ಅವರೇ ಒಂದು ನಿರ್ದೇಶನ ಕೊಟ್ಟರು. ವೈರ್ ಬ್ರಾಡ್‌ಬ್ಯಾಂಡ್ ಗ್ರಾಹಕನ ಕೋಟಾ ಮುಗಿದ ಮೇಲೂ ವೇಗ 512 ಕೆಬಿಪಿಎಸ್‌ಗಿಂತ ಕೆಳಗೆ ಇಳಿಸಬಾರದು ಅಂತ. ಒಳ್ಳೇ ಕೆಲಸ. ಆದರೆ ಮೊಬೈಲಿಗೆ ಆ ರಕ್ಷಣೆ ಕೊಡಲಿಲ್ಲ. ವೈರ್ ಯಾರ ಮನೆಯಲ್ಲಿದೆ, ಬರೀ ಮೊಬೈಲ್ ಯಾರ ಮನೆಯಲ್ಲಿದೆ ಅಂತ ಯೋಚನೆ ಮಾಡಿ. 2004ರ ನೀತಿಯಲ್ಲೇ ಬ್ರಾಡ್‌ಬ್ಯಾಂಡ್ ಅಂದರೆ ಕನಿಷ್ಠ 256 ಕೆಬಿಪಿಎಸ್ ಅಂದಿದ್ದರು. 2023ರ ಜನವರಿಯಲ್ಲಿ ಅದನ್ನ 2 ಎಂಬಿಪಿಎಸ್‌ಗೆ ಏರಿಸಿದರು. ನಮಗೆ ಸಿಗ್ತಿರೋ 64 ಅನ್ನೋದು 2004ರ ಅಳತೆಗೂ ಕಾಲು ಭಾಗ. 5ಜಿ ಕಾಲದಲ್ಲಿ ಕೂತು ಡಯಲ್-ಅಪ್ ಕಾಲದ ವೇಗಕ್ಕೆ ಅನ್‌ಲಿಮಿಟೆಡ್ ಅಂತ ಹೆಸರು.

ಟ್ರಾಯ್‌ಗೆ ಕೈಲಾಗಲ್ಲ ಅಂತೇನಿಲ್ಲ. ತಿಂಗಳನ್ನ 28 ದಿನ ಮಾಡಿ ವರ್ಷಕ್ಕೆ 13 ರೀಚಾರ್ಜ್ ಮಾಡಿಸೋ ಆಟಕ್ಕೆ 2022ರ ಜನವರಿಯಲ್ಲಿ ಅವರೇ ಕೈ ಹಾಕಿ, 30 ದಿನದ ಪ್ಲಾನ್ ಒಂದಾದರೂ ಇರಲೇಬೇಕು ಅಂದರು. ಡಾಟಾ ಬೇಡದವರಿಗೆ ಬರೀ ಕರೆ, ಎಸ್ಸೆಮ್ಮೆಸ್‌ನ ಪ್ಲಾನ್ ಕೊಡಲೇಬೇಕು ಅಂತ 2024ರ ಡಿಸೆಂಬರ್‌ನಲ್ಲಿ ಹೇಳಿದರು, ಕಂಪನಿಗಳು ಕೊಟ್ಟವು. ಹೇಳಿದರೆ ಆಗುತ್ತೆ, ಹೇಳಬೇಕು ಅಷ್ಟೇ.

ನಾನು ಕೇಳ್ತಿರೋದು ಪುಕ್ಕಟೆ ಡಾಟಾ ಅಲ್ಲ. ಇಷ್ಟೇ:

1. ದಿನಕ್ಕೆ ಮಿತಿ ಇರೋ ಪ್ಲಾನ್‌ಗೆ ಡಾಟಾ ಲೆಕ್ಕದಲ್ಲಿ "ಅನ್‌ಲಿಮಿಟೆಡ್" ಪದ ಬಳಸೋದು ನಿಲ್ಲಲಿ. "ದಿನಕ್ಕೆ 1.5 ಜಿಬಿ, 28 ದಿನ" ಅಂತ ಅದೇ ಅಂಗೈ ಅಗಲದ ಅಕ್ಷರದಲ್ಲಿ, ಕನ್ನಡದಲ್ಲಿ ಬರೆಯಲಿ.

2. ಕೋಟಾ ಮುಗಿದ ಮೇಲೆ ವೈರಿಗಿರೋ 512ರ ಕಟ್ಟಳೆ ಮೊಬೈಲಿಗೂ ಬರಲಿ. ಅದು ಆಗಲ್ಲ ಅಂದರೆ "ಮುಗಿಯಿತು" ಅಂತ ಪ್ರಾಮಾಣಿಕವಾಗಿ ಹೇಳಿ ನಿಲ್ಲಿಸಲಿ.

3. ಇವತ್ತು ಉಳಿದ ಡಾಟಾ ಮಧ್ಯರಾತ್ರಿ ಮಾಯವಾಗೋದು ನಿಲ್ಲಲಿ. ದುಡ್ಡು ಕೊಟ್ಟಿದ್ದು 42 ಜಿಬಿಗೆ, ಪ್ಲಾನ್ ಮುಗಿಯೋವರೆಗೆ ಅದು ನಮ್ಮದು. ವೊಡಾಫೋನ್ ಐಡಿಯಾದವರು ವಾರದ ದಿನಗಳಲ್ಲಿ ಉಳಿದದ್ದನ್ನ ವಾರಾಂತ್ಯಕ್ಕೆ ಕೊಟ್ಟಿದ್ದಾರೆ. ಅಂದರೆ ತಂತ್ರಜ್ಞಾನದ ಅಡ್ಡಿ ಇಲ್ಲ, ಮನಸ್ಸಿನ ಅಡ್ಡಿ.

ಒಂದು ಪದಕ್ಕೆ ಇಷ್ಟು ಗಲಾಟೆಯಾ ಅಂದ್ಕೋಬೇಡಿ. ನಾವು ಬ್ಲಾಗಿನಲ್ಲಿ ಒತ್ತಕ್ಷರ ತಪ್ಪಿದರೇ ಮೂವತ್ತು ಕಮೆಂಟು ಹಾಕೋ ಜನ! ಇಡೀ ದೇಶಕ್ಕೆ ಒಂದು ಪದದ ಅರ್ಥವನ್ನೇ ತಿರುಚಿ ತಿಂಗಳು ತಿಂಗಳೂ ದುಡ್ಡು ಎತ್ತೋರನ್ನ ಸುಮ್ಮನೆ ಬಿಟ್ಟರೆ ಹೇಗೆ?

ನಿಮ್ಮೂರಿನಲ್ಲಿ ಅನ್‌ಲಿಮಿಟೆಡ್ ಎಷ್ಟು ಗಂಟೆಗೆ ಮುಗಿಯುತ್ತೆ? ಕಮೆಂಟಿನಲ್ಲಿ ಬರೀರಿ. ಕೋಟಾ ಮುಗಿದಿದ್ದರೆ ಫೋಟೋ ಬೇಡ, ಬರೀ ಅಕ್ಷರ ಸಾಕು, ನಿಧಾನಕ್ಕೆ ಬರುತ್ತೆ, ಕಾಯ್ತೀನಿ :-)