ಲೆಕ್ಕಪರಿಶೋಧಕರ ಪರೀಕ್ಷೆಯೂ ಕನ್ನಡವೂ

ಚಳ್ಳಕೆರೆ ಸೀಮೆಯ ಉಳ್ಳಾರ್ತಿ ಕಾವಲು ಅಮೃತಮಹಲ್ ದನಗಳ ಹುಲ್ಲುಗಾವಲಾಗಿದ್ದುದನ್ನು ವಾಚಕರು ಬಲ್ಲರು. 2010ರ ಆಸುಪಾಸಿನಲ್ಲಿ ಆ ಪ್ರಾಂತ್ಯದ ಕಾವಲುಗಳ ಸಾವಿರಾರು ಎಕರೆ ನೆಲವು ಅಣುಶಕ್ತಿ, ಅಂತರಿಕ್ಷ, ರಕ್ಷಣಾ ಸಂಶೋಧನೆ ಮೊದಲಾದ ಸಂಸ್ಥೆಗಳ ವಶವಾಯಿತು. ದನಕುರಿಗಳ ಮೇವಿನ ಹಕ್ಕಿಗಾಗಿ ಗ್ರಾಮಸ್ಥರು ಹಸಿರು ನ್ಯಾಯಮಂಡಲಿಯವರೆಗೂ ಹೋದರು. ಆ ವ್ಯಾಜ್ಯದ ಗುಣದೋಷಗಳನ್ನು ಇಂದು ನಾವು ಎತ್ತಿಕೊಳ್ಳುವುದಿಲ್ಲ. ಮೇವು ಕಳೆದುಕೊಂಡ ಮನೆಗಳ ಮಕ್ಕಳು ಮುಂದೆ ಯಾವ ವೃತ್ತಿಯನ್ನು ಹಿಡಿಯಬೇಕೆಂಬುದೇ ನಮ್ಮ ಪ್ರಶ್ನೆ. ಬೇಲಿಯ ಬಾಗಿಲು ಕಾಯುವುದೊಂದೇ ಅವರ ಗತಿಯಾಗಕೂಡದು.

ಚಳ್ಳಕೆರೆಯೇನೂ ಲೆಕ್ಕವರಿಯದ ಊರಲ್ಲ. ಅಲ್ಲಿಯ ಶೇಂಗಾ ಎಣ್ಣೆಯ ಗಿರಣಿಗಳೂ ಕಂಬಳಿಯ ವ್ಯಾಪಾರವೂ, ನೆರೆಯ ಮೊಳಕಾಲ್ಮೂರಿನ ರೇಷ್ಮೆ ನೇಕಾರಿಕೆಯೂ ಕಿರ್ದಿ ಖಾತೆಗಳ ಮೇಲೆಯೇ ನಡೆದು ಬಂದಿವೆ. ಬಳಪದಿಂದ ಕರಿಯ ಕಡತದ ಮೇಲೆ ಕಾಸುಕಾಸಿನ ಲೆಕ್ಕ ಬರೆದಿಟ್ಟ ಶಾನುಭೋಗರು ಬರೆದುದು ಕನ್ನಡದಲ್ಲಿ. ಇಂದಿಗೂ ನಮ್ಮ ಸಹಕಾರ ಸಂಘಗಳು ಜಮಾಖರ್ಚಿನ ತಖ್ತೆಯನ್ನೂ ಅಢಾವೆ ಪತ್ರಿಕೆಯನ್ನೂ ಕನ್ನಡದಲ್ಲಿಯೇ ಅಚ್ಚು ಹಾಕಿಸಿ ಸದಸ್ಯರ ಮುಂದಿಡುತ್ತವೆ. ಹೀಗಿರುವಲ್ಲಿ ಆ ಲೆಕ್ಕವನ್ನು ಪರಿಶೋಧಿಸುವ ಸನ್ನದಿಗೆ ಕನ್ನಡದಲ್ಲಿ ಪರೀಕ್ಷೆ ಕೊಡಲು ಮಾತ್ರ ಎಡೆಯಿಲ್ಲ!

1932ರ ನಿಯಮಗಳಂತೆ ಲೆಕ್ಕಪರಿಶೋಧಕರಿಗೆ ಪ್ರಮಾಣಪತ್ರ ಕೊಡುತ್ತಿದ್ದುದು ಸರ್ಕಾರ. 1949ರ ಜುಲೈ 1ರಿಂದ ಜಾರಿಗೆ ಬಂದ ಶಾಸನವು ಆ ಅಧಿಕಾರವನ್ನು ಚಾರ್ಟರ್ಡ್ ಅಕೌಂಟೆಂಟರ ಸಂಸ್ಥೆಗೆ ಒಪ್ಪಿಸಿತು. ಕಂಪೆನಿಯ ಲೆಕ್ಕಪತ್ರಗಳಿಗೆ ಪರಿಶೋಧಕರಾಗಿ ಸಹಿ ಹಾಕುವ ಹಕ್ಕು ಈ ಸಂಸ್ಥೆಯ ಸದಸ್ಯರಿಗಲ್ಲದೆ ಬೇರೆಯವರಿಗಿಲ್ಲ. ಇದಕ್ಕೆ ನಡೆಯಬೇಕಾದ ದಾರಿಯಾದರೂ ಕಠಿಣವಾದುದು. ಹನ್ನೆರಡನೆಯ ತರಗತಿಯಾದ ಮೇಲೆ ಫೌಂಡೇಷನ್ ಪರೀಕ್ಷೆಯ ನಾಲ್ಕು ಪತ್ರಿಕೆಗಳು, ಅನಂತರ ಇಂಟರ್‌ಮೀಡಿಯೆಟ್, 2023ರ ಹೊಸ ಕ್ರಮದಂತೆ ವೃತ್ತಿನಿರತ ಪರಿಶೋಧಕರೊಬ್ಬರ ಕೈಕೆಳಗೆ ಎರಡು ವರ್ಷಗಳ ಉಮೇದುವಾರಿ, ಕೊನೆಗೆ ಫೈನಲ್. ಪ್ರತಿಯೊಂದು ಪತ್ರಿಕೆಯಲ್ಲಿಯೂ ನೂರಕ್ಕೆ 40 ಅಂಕಗಳು ಬರಬೇಕು, ಒಟ್ಟಿನಲ್ಲಿ 50. ಈ ಕಟ್ಟುನಿಟ್ಟಿನಲ್ಲಿ ಒಂದು ಅಂಕವನ್ನಾದರೂ ಸಡಿಲಿಸಬೇಕೆಂದು ನಾವು ಕೇಳುತ್ತಿಲ್ಲ. ಪರರ ಹಣದ ಲೆಕ್ಕಕ್ಕೆ ಸಹಿ ಹಾಕುವವನು ಗಟ್ಟಿಯಾಗಿಯೇ ಇರಬೇಕು.

ನಮ್ಮ ಆಕ್ಷೇಪವಿರುವುದು ಭಾಷೆಯ ವಿಷಯದಲ್ಲಿ. ಈ ಪರೀಕ್ಷೆಗಳಿಗೆ ಇಂಗ್ಲಿಷಿನಲ್ಲಿ ಉತ್ತರ ಬರೆಯಬಹುದು, ಹಿಂದಿಯಲ್ಲಿ ಬರೆಯಬಹುದು, ಕನ್ನಡದಲ್ಲಿ ಬರೆಯಕೂಡದು. ಪಿಯುಸಿಯವರೆಗೆ ಲೆಕ್ಕಶಾಸ್ತ್ರವನ್ನು ಕನ್ನಡದಲ್ಲಿ ಓದಿ ಉತ್ತಮ ದರ್ಜೆಯಲ್ಲಿ ತೇರ್ಗಡೆಯಾದ ಉಳ್ಳಾರ್ತಿಯ ಹುಡುಗನು ಈ ಬಾಗಿಲಲ್ಲಿ ತಡೆದು ನಿಲ್ಲುತ್ತಾನೆ. ಅವನಷ್ಟೇ ಬುದ್ಧಿಯುಳ್ಳ, ಹಿಂದಿಯಲ್ಲಿ ಓದಿದ ಉತ್ತರದ ಹುಡುಗನು ಒಳಕ್ಕೆ ನಡೆಯುತ್ತಾನೆ. ರಾಜ್ಯಾಂಗದ ಎಂಟನೆಯ ಅನುಸೂಚಿಯಲ್ಲಿ ಎರಡು ಭಾಷೆಗಳೂ ಒಂದೇ ಪಂಕ್ತಿಯಲ್ಲಿ ಕುಳಿತಿಲ್ಲವೇ?

ಕಾನೂನುಗಳೂ ಲೆಕ್ಕದ ಮಾನಕಗಳೂ ಇಂಗ್ಲಿಷಿನಲ್ಲಿರುವುದರಿಂದ ಇದು ಅಸಾಧ್ಯವೆಂದು ಕೆಲವರು ಹೇಳುವುದುಂಟು. ಹಿಂದಿಗೆ ಅಡ್ಡಿಯಾಗದ ಈ ಕಾರಣವು ಕನ್ನಡಕ್ಕೆ ಮಾತ್ರ ಹೇಗೆ ಅಡ್ಡಿಯಾದೀತು? ಕನ್ನಡದಲ್ಲಿ ಪಾರಿಭಾಷಿಕ ಪದಗಳಿಲ್ಲವೆನ್ನುವವರು ಯಾವುದಾದರೊಂದು ಸಹಕಾರ ಸಂಘದ ವಾರ್ಷಿಕ ವರದಿಯನ್ನು ತೆರೆದು ನೋಡತಕ್ಕದ್ದು. ವೈದ್ಯಕೀಯ ಪ್ರವೇಶದ ನೀಟ್ ಪರೀಕ್ಷೆಗೆ 2017ರಿಂದ ಕನ್ನಡವು ಸಲ್ಲುತ್ತದೆ. ಜಿಲ್ಲಾಧಿಕಾರಿಯಾಗಬಯಸುವವನು ಕೇಂದ್ರ ಲೋಕಸೇವಾ ಆಯೋಗದ ಮುಖ್ಯ ಪರೀಕ್ಷೆಯನ್ನು ಕನ್ನಡದಲ್ಲಿ ಬರೆಯಬಹುದು. ಜಿಲ್ಲೆಯನ್ನಾಳಲು ಸಾಲುವ ಭಾಷೆ ಗಿರಣಿಯ ಲೆಕ್ಕ ನೋಡಲು ಸಾಲದೆಂಬುದು ವಿಚಿತ್ರವಾದ ತರ್ಕ.

ಇಂಗ್ಲಿಷ್ ಬೇಡವೆಂದು ನಾವು ಹೇಳುವವರಲ್ಲ. ಉಮೇದುವಾರಿಯ ಎರಡು ವರ್ಷಗಳಲ್ಲಿ ಅಭ್ಯರ್ಥಿಯು ವೃತ್ತಿಗೆ ಬೇಕಾದ ಇಂಗ್ಲಿಷನ್ನು ಕಲಿಯಲೇಬೇಕು, ಕಲಿಯುತ್ತಾನೆ. ಆದರೆ ಮೊದಲ ಮೆಟ್ಟಿಲಲ್ಲಿಯೇ ಅವನ ಲೆಕ್ಕದ ಜ್ಞಾನವನ್ನು ಬಿಟ್ಟು ಇಂಗ್ಲಿಷನ್ನು ಅಳೆಯುವುದು ಅನ್ಯಾಯ.

ಸಂಸ್ಥೆಯ ಪರಿಷತ್ತಿನಲ್ಲಿ ದಕ್ಷಿಣದಿಂದ ಚುನಾಯಿತರಾದವರಿದ್ದಾರೆ, ಕೇಂದ್ರ ಸರ್ಕಾರವು ನೇಮಿಸಿದವರೂ ಇದ್ದಾರೆ; ಅವರು ಈ ವಿಷಯವನ್ನು ಸಭೆಯ ಮುಂದಿಡಬೇಕು. ಕರ್ನಾಟಕ ಸರ್ಕಾರದವರು ಬರಿಯ ಪತ್ರ ಬರೆದು ಕೈತೊಳೆದುಕೊಳ್ಳದೆ ಪಠ್ಯಗಳ ಭಾಷಾಂತರದ ವೆಚ್ಚವನ್ನು ತಾವೇ ವಹಿಸಿಕೊಳ್ಳುವುದಾಗಿ ತಿಳಿಸಲಿ. ಪ್ರಶ್ನೆಪತ್ರಿಕೆಯಲ್ಲಿ ಕನ್ನಡದ ಜೊತೆಗೆ ಇಂಗ್ಲಿಷನ್ನೂ ಅಚ್ಚು ಮಾಡಿದರೆ ಸಂದೇಹಕ್ಕೆ ಎಡೆಯಿರುವುದಿಲ್ಲ. ಮೊದಲಿಗೆ ಫೌಂಡೇಷನ್ ಪರೀಕ್ಷೆಯ ನಾಲ್ಕು ಪತ್ರಿಕೆಗಳಿಗೆ ಅನುಮತಿ ದೊರೆತರೂ ಸಾಕು. ಉಳಿದುದನ್ನು ಅನಂತರ ಕೇಳುತ್ತೇವೆ.