ಯಾರ ಮೇಲೆ ಟೆಸ್ಟ್ ಮಾಡಿದ್ದು ಸ್ವಾಮಿ?

"ಅವನು ಪುಸ್ತಕ ಮಾರೋಕೆ ಬಂದಿದಾನೆ ಬಿಡಿ." ಒಬ್ಬ ಲೇಖಕನನ್ನ ಓದದೇನೇ ತಳ್ಳಿಹಾಕೋಕೆ ಇದಕ್ಕಿಂತ ಸುಲಭದ ಮಾತು ಇನ್ನೊಂದಿಲ್ಲ. ಆಂಟನಿ ಲೋವೆನ್‌ಸ್ಟೀನ್ ಹೆಸರು ಬಂದಾಗೆಲ್ಲ ನಮ್ಮ ಐಟಿ ಮಂದಿ ಬಾಯಲ್ಲಿ ಇದೇ ಮಾತು. ಆಸ್ಟ್ರೇಲಿಯಾದ ಈ ಪತ್ರಕರ್ತ 2023ರಲ್ಲಿ 'ದ ಪ್ಯಾಲೆಸ್ಟೈನ್ ಲ್ಯಾಬೊರೇಟರಿ' ಅನ್ನೋ ಪುಸ್ತಕ ಬರೆದರು. ಆವತ್ತಿಂದ ವೇದಿಕೆ, ಪಾಡ್‌ಕಾಸ್ಟ್, ಟಿವಿ ಅಂತ ಸಿಕ್ಕ ಕಡೆಯಲ್ಲೆಲ್ಲ ಅದರ ಬಗ್ಗೆ ಮಾತಾಡ್ತಾನೇ ಇದ್ದಾರೆ. ಹೌದು, ಮಾರ್ತಿದಾರೆ. ಪುಸ್ತಕ ಬರೆದವನು ಪುಸ್ತಕ ಮಾರದೆ ಕಡಲೆಕಾಯಿ ಮಾರೋಕಾಗುತ್ತಾ?

ಆದರೆ ಅವರು ಯಾವ ಮಾರಾಟದ ಬಗ್ಗೆ ಬರೆದಿದ್ದಾರೆ ಅನ್ನೋದನ್ನ ಒಂಚೂರು ನೋಡಿ. ಪುಸ್ತಕದ ತಿರುಳು ಇಷ್ಟು: ವೆಸ್ಟ್ ಬ್ಯಾಂಕ್ ಮತ್ತು ಗಾಜಾದಲ್ಲಿ ದಶಕಗಳಿಂದ ಮಿಲಿಟರಿ ಆಳ್ವಿಕೆ ನಡೆಸ್ತಿರೋ ಇಸ್ರೇಲ್, ಅಲ್ಲಿನ ಜನರ ಮೇಲೆ ಬಳಸಿದ ಡ್ರೋನು, ಕ್ಯಾಮೆರಾ, ಫೋನ್ ಕದ್ದು ಕೇಳೋ ತಂತ್ರಾಂಶ ಎಲ್ಲವನ್ನೂ "ಯುದ್ಧದಲ್ಲಿ ಪರೀಕ್ಷಿಸಿದ್ದು" ಅನ್ನೋ ಸೀಲು ಒತ್ತಿ ಪ್ರಪಂಚಕ್ಕೆ ಮಾರುತ್ತೆ. ಇದನ್ನ ಬರೆದಿರೋದು ನಾಜಿಗಳ ಕಾಲದಲ್ಲಿ ಯುರೋಪ್ ಬಿಟ್ಟು ಓಡಿಬಂದ ಯಹೂದಿ ಕುಟುಂಬದ ಕುಡಿ, 2016ರಿಂದ 2020ರವರೆಗೆ ಪೂರ್ವ ಜೆರುಸಲೇಮಿನಲ್ಲೇ ಬಾಳಿದವರು. ಹಾಗಾಗಿ "ದ್ವೇಷಕ್ಕೆ ಬರೀತಾನೆ" ಅನ್ನೋ ಎರಡನೇ ಸುಲಭದ ಮಾತೂ ಇಲ್ಲಿ ಅಷ್ಟು ಸಲೀಸಾಗಿ ನಡೆಯಲ್ಲ.

ಇನ್ನು ನಮ್ಮ ಕಸುಬಿನ ಭಾಷೆಗೆ ಬರೋಣ. ನೀವೂ ನಾನೂ ಕೋಡ್ ಬರೆದರೆ ಮೊದಲು ಟೆಸ್ಟ್ ಎನ್ವಿರಾನ್‌ಮೆಂಟಿಗೆ ಹೋಗುತ್ತೆ. ಗಿರಾಕಿಯ ಅಸಲಿ ಡೇಟಾ ಮುಟ್ಟಬೇಕಾದರೆ ನೂರೆಂಟು ಅನುಮತಿ. ಬೀಟಾ ಅಂದರೂ ಬಳಸೋನು ಒಪ್ಪಿ ಒಂದು ಟಿಕ್ ಹಾಕಿರಬೇಕು. ಬೇಡ ಅಂದರೆ ಆ್ಯಪ್ ಕಿತ್ತುಹಾಕ್ತಾನೆ, ಕಥೆ ಮುಗೀತು. ಈಗ ಹೆಬ್ರಾನ್ ನೋಡಿ. 1997ರ ಒಪ್ಪಂದದಲ್ಲಿ ಎರಡು ಹೋಳಾದ ಊರು ಅದು. ಇಸ್ರೇಲಿ ಸೇನೆಯ ಹಿಡಿತದಲ್ಲಿರೋ ಭಾಗದಲ್ಲಿ ಸುಮಾರು 33,000 ಪ್ಯಾಲೆಸ್ಟೀನಿಯರು, ನಡುವೆ ಕೆಲವು ನೂರು ಯಹೂದಿ ವಸಾಹತುಗಾರರು. 2021ರ ನವೆಂಬರಿನಲ್ಲಿ 'ವಾಷಿಂಗ್ಟನ್ ಪೋಸ್ಟ್' ಅಲ್ಲಿನ 'ಬ್ಲೂ ವುಲ್ಫ್' ಅನ್ನೋ ಆ್ಯಪ್ ಬಗ್ಗೆ ಬರೆಯಿತು. ಸೈನಿಕ ದಾರಿಹೋಕರ ಫೋಟೊ ಹೊಡೀತಾನೆ, ಫೋನಿನಲ್ಲಿ ಹಳದಿ, ಕೆಂಪು ಇಲ್ಲಾ ಹಸಿರು ಬರುತ್ತೆ. ನಿಲ್ಲಿಸಬೇಕೋ, ಹಿಡೀಬೇಕೋ, ಬಿಡಬೇಕೋ ಅಂತ ಬಣ್ಣವೇ ಹೇಳುತ್ತೆ. ಡೇಟಾಬೇಸ್ ತುಂಬಿಸೋಕೆ ತುಕಡಿಗಳ ನಡುವೆ ಪೋಟಿ ಏರ್ಪಡಿಸಿದ್ದರಂತೆ, ಜಾಸ್ತಿ ಮುಖ ತಂದವರಿಗೆ ಬಹುಮಾನ. ಮಕ್ಕಳ ಮುಖ, ಮುದುಕರ ಮುಖ ಎಲ್ಲವೂ ಲೆಕ್ಕಕ್ಕೆ.

2023ರ ಮೇ ತಿಂಗಳಲ್ಲಿ ಆಮ್ನೆಸ್ಟಿ ಇದರ ಮುಂದಿನ ಕಥೆ ಹೇಳಿತು. 'ರೆಡ್ ವುಲ್ಫ್' ಅನ್ನೋ ವ್ಯವಸ್ಥೆ ಚೆಕ್‌ಪಾಯಿಂಟಿನಲ್ಲೇ ಮುಖ ಸ್ಕ್ಯಾನ್ ಮಾಡುತ್ತೆ. ಗುರುತು ಸಿಗದಿದ್ದರೆ ಅಲ್ಲಿರೋ ಸೈನಿಕ ಆ ಮುಖಕ್ಕೆ ಗುರುತಿನ ಚೀಟಿಯ ವಿವರ ಜೋಡಿಸ್ತಾನೆ, ಹಾಗೆ ಮಾಡ್ತಾ ಮಾಡ್ತಾ ಯಂತ್ರ ತಾನೇ ಕಲಿಯುತ್ತೆ. ಇದಕ್ಕೆ ನಾವು ಏನಂತೀವಿ? ಡೇಟಾ ಲೇಬಲಿಂಗ್ ಅಂತೀವಿ. ನಮ್ಮಲ್ಲಿ ಅದಕ್ಕೆ ಸಂಬಳ ಕೊಟ್ಟು ಜನ ಇಡಬೇಕು. ಅಲ್ಲಿ ಹಾಲು ತರೋಕೆ ಹೊರಟ ಹೆಂಗಸೇ ಟ್ರೈನಿಂಗ್ ಡೇಟಾ. ಬೇಡ ಅನ್ನೋಕೆ ಅವಳಿಗೆ ಬಟನ್ ಇಲ್ಲ, ಆ ದಾರಿ ಬಿಟ್ಟು ಇನ್ನೊಂದು ದಾರಿ ಇಲ್ಲ.

ಇಲ್ಲಿಗೆ ಬಂದಾಗ "ತಂತ್ರಜ್ಞಾನ ತಟಸ್ಥ ಮಾರಾಯ, ಚಾಕುವಿನಲ್ಲಿ ತರಕಾರೀನೂ ಹೆಚ್ಚಬಹುದು" ಅನ್ನೋ ಹಳೇ ಚಾಕು ಹೊರಗೆ ಬರುತ್ತೆ. ಮುಖ ಗುರುತಿಸೋ ಅಲ್ಗಾರಿದಂ ಇವತ್ತು ಕಾಲೇಜು ಹುಡುಗನ ಪ್ರಾಜೆಕ್ಟಿನಲ್ಲೂ ಇರುತ್ತೆ, ಅದಕ್ಕೆ ಯಾರೂ ಕೋಟಿಗಟ್ಟಲೆ ಕೊಡಲ್ಲ. ಬೆಲೆ ಬರೋದು ಅದನ್ನ ಒಂದಿಡೀ ಜನಸಮುದಾಯದ ಮೇಲೆ ವರ್ಷಗಟ್ಟಲೆ ಓಡಿಸಿ ತಿದ್ದಿದ್ದಕ್ಕೆ. ಚಾಕು ಮಾರೋನು "ಇದರಲ್ಲಿ ಇಂತಿಷ್ಟು ಜನಕ್ಕೆ ಚುಚ್ಚಿ ನೋಡಿದ್ದೀವಿ, ಚೆನ್ನಾಗಿದೆ" ಅಂತ ಜಾಹೀರಾತು ಕೊಟ್ಟರೆ ನೀವು ತರಕಾರಿ ಮಾತಾಡ್ತೀರಾ?

ಇನ್ನೊಂದು ವಾದ ಇದೆ, ಅದು ನನ್ನಂಥ ಹಳ್ಳಿಯಿಂದ ಬಂದವರದ್ದೇ. "ಊರಲ್ಲಿ ಎಲ್ಲಿತ್ತು ಪ್ರೈವೆಸಿ? ನಮ್ಮನೇಲಿ ಏನು ಸಾರು ಅಂತ ಕೇರಿಗೆಲ್ಲ ಗೊತ್ತಿರ್ತಿತ್ತು." ನಿಜ, ಗೊತ್ತಿರ್ತಿತ್ತು. ಅವರ ಮನೆ ಸಾರು ನಮಗೂ ಗೊತ್ತಿರ್ತಿತ್ತಲ್ಲ! ಕಟ್ಟೆ ಮೇಲೆ ಕೂತು ನೋಡೋನನ್ನ ಹಾದುಹೋಗೋನೂ ನೋಡ್ತಾನೆ, ಜಾಸ್ತಿ ಕೆದಕಿದರೆ ಬೈತಾನೆ. (ಹಾಗಂತ ಊರಿನ ಕಣ್ಣು ಎಲ್ಲರನ್ನೂ ಸಮಾನವಾಗಿ ನೋಡ್ತಿತ್ತು ಅಂತೇನಲ್ಲ. ಕೆಳಗಿನ ಕೇರಿಯವರನ್ನ ಕೇಳಿದರೆ ಅವರು ಬೇರೆಯದೇ ಹೇಳ್ತಾರೆ.) ಹೆಬ್ರಾನಿನ ಹುಡುಗನಿಗೆ ತನ್ನ ಮುಖದ ಮುಂದೆ ಯಾವ ಬಣ್ಣ ಬಂತು, ಯಾಕೆ ಬಂತು ಅಂತ ಗೊತ್ತಾಗೋದೇ ಇಲ್ಲ. ತಿರುಗಿ ಬೈಯೋದಂತೂ ದೂರದ ಮಾತು.

ಸರಿ, ಈ ಕಣ್ಣಿಂದ ಇಸ್ರೇಲಿಗಾದರೂ ಕ್ಷೇಮ ಸಿಕ್ಕಿತಾ? ಗಾಜಾ ಗಡಿಯಲ್ಲಿ 65 ಕಿಲೋಮೀಟರ್ ಉದ್ದದ 'ಸ್ಮಾರ್ಟ್' ಬೇಲಿ 2021ರ ಡಿಸೆಂಬರಿನಲ್ಲಿ ಮುಗೀತು. ಸೆನ್ಸರ್, ರೇಡಾರ್, ಕ್ಯಾಮೆರಾ, ಎಲ್ಲಾ ಇತ್ತು. 2023ರ ಅಕ್ಟೋಬರ್ 7ರಂದು ಹಮಾಸ್ ಅದನ್ನ ಬುಲ್ಡೋಜರಿನಲ್ಲಿ ಒಡೆದು ನುಗ್ಗಿ ಸುಮಾರು 1,200 ಜನರನ್ನ ಕೊಂದಿತು. ಹೆಚ್ಚಿನವರು ಸಾಮಾನ್ಯ ಜನ, ಆ ಹತ್ಯೆಗೆ ಯಾವ ಸಮರ್ಥನೆಯೂ ಇಲ್ಲ. ನಮ್ಮ ಲೈನಿನಲ್ಲಿ ಇಂಥ ಔಟೇಜ್ ಆಗಿದ್ದರೆ ಗಿರಾಕಿಗಳು ರಾತ್ರೋರಾತ್ರಿ ಖಾಲಿ. ಇಲ್ಲಿ ಆಗಿದ್ದು ಉಲ್ಟಾ. ಇಸ್ರೇಲಿನ ರಕ್ಷಣಾ ರಫ್ತು 2023ರಲ್ಲಿ ಸುಮಾರು 1,300 ಕೋಟಿ ಡಾಲರ್, 2024ರಲ್ಲಿ 1,400 ಕೋಟಿ ಡಾಲರ್ ದಾಟಿ ಹೊಸ ದಾಖಲೆ. ಯಾಕಂದರೆ ಅಷ್ಟರಲ್ಲಿ ಗಾಜಾದಲ್ಲಿ ಹೊಸ ಪರೀಕ್ಷೆ ಶುರುವಾಗಿತ್ತು. 2024ರ ಏಪ್ರಿಲಿನಲ್ಲಿ '+972' ಪತ್ರಿಕೆ 'ಲ್ಯಾವೆಂಡರ್' ಬಗ್ಗೆ ಬರೆಯಿತು. ಯಂತ್ರ 37,000 ಜನರನ್ನ ಶಂಕಿತರು ಅಂತ ಗುರುತು ಹಾಕಿತ್ತು, ನೂರಕ್ಕೆ ಹತ್ತು ತಪ್ಪಾಗುತ್ತೆ ಅಂತ ಗೊತ್ತಿದ್ದೂ ಒಂದೊಂದು ಹೆಸರಿಗೆ ಇಪ್ಪತ್ತು ಸೆಕೆಂಡ್ ಕೊಟ್ಟು ಒಪ್ಪಿಗೆ ಹಾಕ್ತಿದ್ದರು ಅಂತ ಅಲ್ಲಿನ ಗುಪ್ತಚರ ಸಿಬ್ಬಂದಿಯೇ ಹೇಳಿದರು. ಸೇನೆ ಇದನ್ನ ಒಪ್ಪಲ್ಲ, ಅದು ಬರೀ ಮಾಹಿತಿ ತಾಳೆ ನೋಡೋ ಡೇಟಾಬೇಸ್ ಅನ್ನುತ್ತೆ. ಶುಕ್ರವಾರ ಸಂಜೆ ಆರು ಗಂಟೆಗೆ ಬಂದ ಕೋಡ್ ರಿವ್ಯೂಗೆ ಕಣ್ಣಾಡಿಸದೆ "ಓಕೆ" ಒತ್ತೋ ನಮಗೆ ಇಪ್ಪತ್ತು ಸೆಕೆಂಡ್ ಅಂದರೆ ಎಷ್ಟು ಅಂತ ಯಾರೂ ಹೇಳಿಕೊಡಬೇಕಿಲ್ಲ.

ಲೋವೆನ್‌ಸ್ಟೀನ್ ಜೊತೆ ನನಗೊಂದು ತಕರಾರಿದೆ. 'ಲ್ಯಾಬೊರೇಟರಿ' ಅಂದಾಗ ಕಣ್ಣೆಲ್ಲ ಮಾರೋನ ಮೇಲೆ ಹೋಗುತ್ತೆ. ಕೊಳ್ಳೋರು ಯಾರು? ಇಸ್ರೇಲಿ ಶಸ್ತ್ರಾಸ್ತ್ರದ ದೊಡ್ಡ ಗಿರಾಕಿಗಳಲ್ಲಿ ಭಾರತಕ್ಕೇ ಮೊದಲ ಸಾಲು. ಹೈದರಾಬಾದಿನಲ್ಲಿ ಅದಾನಿ ಮತ್ತು ಎಲ್ಬಿಟ್ ಸೇರಿ ಡ್ರೋನ್ ಕಾರ್ಖಾನೆ ತೆರೆದಿದ್ದು 2018ರಲ್ಲಿ. 2017ರ ಒಪ್ಪಂದದಲ್ಲಿ ಭಾರತ ಪೆಗಾಸಸ್ ಕೊಂಡಿತು ಅಂತ 'ನ್ಯೂಯಾರ್ಕ್ ಟೈಮ್ಸ್' 2022ರಲ್ಲಿ ಬರೆದಾಗ ನಮ್ಮ ಸರ್ಕಾರ ಕೊಂಡಿದ್ದೀವಿ ಅಂತಲೂ ಹೇಳಲಿಲ್ಲ, ಇಲ್ಲ ಅಂತಲೂ ನೇರವಾಗಿ ಹೇಳಲಿಲ್ಲ. ಸುಪ್ರೀಂ ಕೋರ್ಟ್ ನೇಮಿಸಿದ, ನಿವೃತ್ತ ನ್ಯಾಯಮೂರ್ತಿ ಆರ್.ವಿ. ರವೀಂದ್ರನ್ ಉಸ್ತುವಾರಿಯ ಸಮಿತಿ 29 ಫೋನ್ ಪರೀಕ್ಷಿಸಿ ಐದರಲ್ಲಿ ಮಾಲ್‌ವೇರ್ ಕಂಡಿತು. ಅದು ಪೆಗಾಸಸ್ಸೇ ಅಂತ ಖಚಿತವಾಗಲಿಲ್ಲ, ಸರ್ಕಾರ ಸಹಕರಿಸಲಿಲ್ಲ ಅಂತ ಮುಖ್ಯ ನ್ಯಾಯಮೂರ್ತಿಗಳೇ ಕೋರ್ಟಿನಲ್ಲಿ ಹೇಳಿದರು. 2019ರಲ್ಲಿ ಕುಮಾರಸ್ವಾಮಿ ಸರ್ಕಾರ ಅಲ್ಲಾಡ್ತಿದ್ದ ದಿನಗಳಲ್ಲಿ ಡಿಸಿಎಂ ಪರಮೇಶ್ವರ್ ಅವರ ನಂಬರು, ಕುಮಾರಸ್ವಾಮಿ ಮತ್ತು ಸಿದ್ದರಾಮಯ್ಯ ಅವರ ಆಪ್ತ ಕಾರ್ಯದರ್ಶಿಗಳ ನಂಬರು ಸೋರಿಕೆಯಾದ ಪಟ್ಟಿಯಲ್ಲಿದ್ದವು ಅಂತ 'ದಿ ವೈರ್' ವರದಿ ಮಾಡಿತ್ತು. ಪಟ್ಟಿಯಲ್ಲಿದ್ದ ಮಾತ್ರಕ್ಕೆ ಫೋನ್ ಹ್ಯಾಕ್ ಆಗಿತ್ತು ಅಂತಲ್ಲ. ಆದರೂ ನಾವು ಓಟು ಹಾಕಿದ ಸರ್ಕಾರ ಅದು, ಒಂದು ವಾರ ಚರ್ಚೆ ಮಾಡಿ ಮರೆತುಬಿಟ್ವಿ.

"ನಾನೊಬ್ಬ ಕೇಳಿದರೆ ಏನಾಗುತ್ತೆ" ಅನ್ನೋರಿಗೆ ಎರಡು ವಿಷಯ. ವೆಸ್ಟ್ ಬ್ಯಾಂಕಿನಲ್ಲಿ ಕೆಲಸ ಮಾಡ್ತಿದ್ದ ಎನಿವಿಷನ್ ಕಂಪನಿಯಲ್ಲಿ ಹಾಕಿದ ದುಡ್ಡನ್ನ, ಪ್ರಶ್ನೆ ಎದ್ದ ಮೇಲೆ ಮೈಕ್ರೋಸಾಫ್ಟ್ 2020ರಲ್ಲಿ ವಾಪಸ್ ತೆಗೆಯಿತು. ಪ್ಯಾಲೆಸ್ಟೀನಿಯರ ಫೋನ್ ಮಾತುಕತೆಗಳನ್ನ ಇಸ್ರೇಲಿನ 8200 ಘಟಕ ಅಜೂರ್ ಕ್ಲೌಡಿನಲ್ಲಿ ಶೇಖರಿಸಿಡ್ತಿದೆ ಅಂತ 2025ರ ಆಗಸ್ಟಿನಲ್ಲಿ 'ಗಾರ್ಡಿಯನ್' ಬರೆಯಿತು. ಒಳಗಿನ ನೌಕರರು ಅಷ್ಟು ಹೊತ್ತಿಗಾಗಲೇ ಗಲಾಟೆ ಎಬ್ಬಿಸಿದ್ದರು. ಸೆಪ್ಟೆಂಬರಿನಲ್ಲಿ ಕಂಪನಿ ಕೆಲವು ಸೇವೆ ನಿಲ್ಲಿಸಿತು. ಇನ್ನೊಂದು ಕಡೆ, 'ನಿಂಬಸ್' ಕ್ಲೌಡ್ ಗುತ್ತಿಗೆ ವಿರೋಧಿಸಿ 2024ರ ಏಪ್ರಿಲಿನಲ್ಲಿ ಆಫೀಸಿನಲ್ಲೇ ಧರಣಿ ಕೂತ ಗೂಗಲ್ ನೌಕರರ ಪ್ರಕರಣದಲ್ಲಿ ಸುಮಾರು ಐವತ್ತು ಜನ ಕೆಲಸ ಕಳೆದುಕೊಂಡರು. ಎಲ್ಲರೂ ಧರಣಿ ಕೂರಿ ಅಂತ ನಾನು ಹೇಳಲ್ಲ. ಮುಂದಿನ ಸಲ ಯಾವನಾದರೂ ಸೇಲ್ಸ್‌ನವನು ಮುಖ ಗುರುತಿಸೋ ಡೆಮೊ ತೋರಿಸಿ "ಫೀಲ್ಡ್ ಟೆಸ್ಟ್ ಆಗಿದೆ ಸರ್" ಅಂದಾಗ, ಯಾವ ಫೀಲ್ಡು, ಯಾರ ಮುಖ, ಅವರು ಒಪ್ಪಿದ್ದರಾ ಅಂತ ಮೀಟಿಂಗಿನಲ್ಲಿ ಬಾಯಿಬಿಟ್ಟು ಕೇಳಿ. ಈಎಂಐ ಇದೆ ಗುರೂ ಅಂತೀರಾ? ಆ ಐವತ್ತು ಜನರಲ್ಲಿ ಕೆಲವರು ಕೂತಿದ್ದು ಸನ್ನಿವೇಲ್ ಆಫೀಸಿನಲ್ಲಿ. ಅಲ್ಲಿ ಬಾಡಿಗೆ ನಮ್ಮ ಬೆಳ್ಳಂದೂರಿಗಿಂತ ಕಡಿಮೆ ಏನಲ್ಲ.